ಒಂದು ಕೊಂಡರೆ ಒಂದು ಪುಕ್ಕಟೆ

ಬಿಜೂರಿನ ಪ್ರಭಾವತಿ ಶೆಡ್ತಿಯನ್ನು ಕಂಡರೆ ಅಂಗಡಿಯವರು ಹೆದರುತ್ತಿದ್ದರು ಎಂದರೆ ಸ್ವಲ್ಪ ಹೆಚ್ಚಾದೀತು. ಅವಳು ಒಳಗೆ ಬಂದರೆ ಗಲ್ಲಾದಲ್ಲಿದ್ದವರು ನೆಟ್ಟಗೆ ಕೂರುತ್ತಿದ್ದರು ಎಂದರೆ ಸರಿ. ಯಾವ ಪೊಟ್ಟಣ ಕೈಗೆ ಬಂದರೂ ಅವಳು ಮೊದಲು ಅದನ್ನು ಮಗುಚುತ್ತಿದ್ದಳು. "ಎದುರಿನ ಮುಖ ನೆಂಟ್ರಿಗೆ, ಹಿಂದಿನ ಮುಖ ಮನಿಯವ್ರಿಗೆ" ಎನ್ನುವುದು ಅವಳದೇ ಗಾದೆ. ಎದುರಿಗೆ ನಗುವ ಮಗು, ಉಕ್ಕುವ ಹಾಲು, ಚಿನ್ನದ ಬಣ್ಣದ ಗೋಧಿ ತೆನೆ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ತೂಕ, ಬೆಲೆ, ತಾರೀಕು. ಈ ಮೂರನ್ನು ಓದಿದರೆ ಕಂಪನಿಯವನ ಹೊಟ್ಟೆಯೊಳಗಿನದ್ದೆಲ್ಲ ಗೊತ್ತಾಗುತ್ತದೆ ಎಂದು ಅವಳು ನಂಬಿದ್ದಳು.

ನಂಬಿಕೆ ಪೂರ್ತಿ ಸುಳ್ಳೂ ಅಲ್ಲ. ಬೆಲೆ ಏರಿಸಿದರೆ ಜನ ಬೈಯುತ್ತಾರೆ, ಆದ್ದರಿಂದ ಬೆಲೆಯನ್ನು ಹಾಗೇ ಬಿಟ್ಟು ಒಳಗಿನ ಸರಕನ್ನೇ ಕದಿಯುವುದು ಈಗಿನ ಮರ್ಯಾದಸ್ಥರ ಕಳ್ಳತನ. ಐದು ರೂಪಾಯಿಯ ಬಿಸ್ಕತ್ತು ಇವತ್ತೂ ಐದು ರೂಪಾಯಿ, ಒಳಗೆ ಎರಡು ಬಿಸ್ಕತ್ತು ಮಾಯ. ಎಣ್ಣೆಯ ಪೊಟ್ಟಣ ಲೀಟರಿನ ಹಾಗೇ ಉಬ್ಬಿಕೊಂಡಿರುತ್ತದೆ, ಮಗುಚಿದರೆ ಎಂಟುನೂರೈವತ್ತು. ಮೈಸಾಬೂನಿಗೆ ನಡುವೆ ಹೊಂಡ ತೋಡಿ ಅದನ್ನೇ ಹೊಸ ಚಂದ ಎಂದು ಮಾರುತ್ತಾರೆ. ಬೆಲೆಯ ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದ್ದರಂತೂ ಪ್ರಭಾವತಿಯ ಹೆಬ್ಬೆರಳಿನ ಉಗುರು ತನ್ನಷ್ಟಕ್ಕೇ ಅಲ್ಲಿಗೆ ಹೋಗುತ್ತಿತ್ತು. ಕೆರೆದು, ಅಡಿಯಲ್ಲಿದ್ದ ಹಳೆಯ ಬೆಲೆ ಓದಿ, ಪೊಟ್ಟಣವನ್ನು ಗಲ್ಲಾದ ಮುಂದೆ ಇಟ್ಟು, "ಇದೆಂತ ಮಾರಾಯ್ರೆ, ಅಡಿಯಂಗೆ ಬೇರೆ ರೇಟ್ ಇತ್ತಲೆ" ಎನ್ನುತ್ತಿದ್ದಳು. ಬಾಯಿ ಜೋರಲ್ಲ. ಆದರೆ ಬಿಡುವವಳೂ ಅಲ್ಲ.

ಜಿಪುಣಿ ಎಂದು ಆಡಿಕೊಂಡವರು ಬೇಕಾದಷ್ಟು ಇದ್ದರು. ಆಡಿಕೊಳ್ಳುವವರಿಗೇನು, ಅವರವರ ಗಂಡಂದಿರ ಕಿಡ್ನಿ ಸರಿಯಾಗಿತ್ತು. ಪ್ರಭಾವತಿಯ ಗಂಡ ಶೇಖರ ಮುಂಬಯಿಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದವನು. ಸಕ್ಕರೆ ಕಾಯಿಲೆ, ಮೇಲೆ ಬಿಪಿ. ಎರಡೂ ಸೇರಿ ಎರಡೂ ಕಿಡ್ನಿಯನ್ನು ತಿಂದು ಮುಗಿಸಿದ ಮೇಲೆ ಹೆಂಡತಿಗೆ ತವರಿನ ಪಾಲಾಗಿ ಬಂದ ಈ ಮನೆಗೆ ಬಂದು ಕೂತ. ಮಂಗಳವಾರ, ಗುರುವಾರ, ಶನಿವಾರ ಕುಂದಾಪುರದಲ್ಲಿ ಡಯಾಲಿಸಿಸ್. ಡಯಾಲಿಸಿಸ್ ಪುಕ್ಕಟೆ, ಬದುಕುವುದು ಪುಕ್ಕಟೆಯಲ್ಲ. ರಕ್ತ ಏರಲು ಇಂಜೆಕ್ಷನ್ನು, ಬುಟ್ಟಿ ತುಂಬ ಮಾತ್ರೆ, ಸುಸ್ತಾದ ದಿನ ಮನೆಯವರೆಗೆ ಆಟೋ. ಅವಳು ಎಣ್ಣೆಯಲ್ಲಿ, ಬೇಳೆಯಲ್ಲಿ, ಸಾಬೂನಿನಲ್ಲಿ ಉಳಿಸಿದ್ದು ಇಂಜೆಕ್ಷನ್ ಆಗಿ ಗಂಡನ ತೋಳಿಗೆ ಹೋಗುತ್ತಿತ್ತು. ಅವನ ಜೀವವನ್ನು ಅವಳು ಹೀಗೆ ಚಿಲ್ಲರೆ ಚಿಲ್ಲರೆಯಾಗಿ ಕೊಂಡುಕೊಳ್ಳುತ್ತಿದ್ದಳು, ಮತ್ತು ಈ ವ್ಯಾಪಾರದಲ್ಲಿ ತಾನು ಮೋಸಹೋಗಬಾರದು ಎಂಬುದೊಂದೇ ಅವಳ ಹಠ.

ಶೇಖರ ಒಳಗೆ ಯಂತ್ರಕ್ಕೆ ಸಿಕ್ಕಿಸಿಕೊಂಡು ಮಲಗಿದ ನಾಲ್ಕು ತಾಸಿನಲ್ಲಿ ಅವಳು ಪೇಟೆಯ ಅಂಗಡಿಗಳನ್ನು ಸುತ್ತಿ ಬರುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಕಾಯುವ ಹೆಂಗಸರು, "ಪ್ರಭಕ್ಕ, ತೊಗರಿಬೇಳೆ ಎಲ್ಲಿ ಅಗ್ಗ ಇತ್ತ್?" ಎಂದು ಕೇಳತೊಡಗಿದರು. ಎಲ್ಲರ ಪಾಡೂ ಒಂದೇ. ಮಗಳು ತೃಷಾ, ಪಿಯುಸಿಯವಳು, ಇದನ್ನು ಕಂಡು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿ 'ಪ್ರಭಕ್ಕನ ರೇಟು' ಎಂದು ಹೆಸರಿಟ್ಟಳು. ಫೋನಿನಲ್ಲಿ ಕನ್ನಡ ಒತ್ತುವುದು ತಾಯಿಗೆ ಬಗ್ಗಲಿಲ್ಲ. ಸಂಜೆ ತಾಯಿ ಹೇಳುವುದು, ಮಗಳು ಎರಡು ಹೆಬ್ಬೆರಳಿನಲ್ಲಿ ಪಟಪಟನೆ ಒತ್ತುವುದು. ಮೊದಲು ಡಯಾಲಿಸಿಸಿನ ಮನೆಯವರು ಮಾತ್ರ ಇದ್ದರು. ಆಮೇಲೆ ಅವರ ಅಕ್ಕ, ಅಕ್ಕನ ಓರಗಿತ್ತಿ, ಓರಗಿತ್ತಿಯ ನೆರೆಮನೆ ಎಂದು ಬೈಂದೂರಿನಿಂದ ಬ್ರಹ್ಮಾವರದವರೆಗೆ ಬಳ್ಳಿ ಹಬ್ಬಿತು. ಯಾರು ಯಾರೆಂದು ಪ್ರಭಾವತಿಗೇ ತಿಳಿಯದಷ್ಟು ಜನ.

ಆ ಬೆಂಚಿನ ಹೆಂಗಸರಲ್ಲಿ ಅವಳಿಗೆ ಹತ್ತಿರದವಳು ಕೋಡಿಯ ವಿನಯಾ. ಅವಳ ಗಂಡ ಗೋಪಿ ಬೋಟಿಗೆ ಹೋಗುತ್ತಿದ್ದವನು. ಈಗ ಅವನಿಗೂ ಶೇಖರನ ಪಕ್ಕದ್ದೇ ಮಂಚ. ವಿನಯಾ ಮೀನು ಕತ್ತರಿಸುವ ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಪ್ರಭಕ್ಕ ಹೇಳಿದರೆ ಅವಳಿಗೆ ಮುಗಿಯಿತು, ಎರಡನೇ ಮಾತಿಲ್ಲ.

ಡಾಕ್ಟರು ಮೊದಲ ದಿನವೇ ಎಲ್ಲ ಹೇಳಿದ್ದರು. ನೀರು ಅಳತೆಯಲ್ಲಿ, ಉಪ್ಪು ಕಡಿಮೆ. ಎಳನೀರು ಬೇಡ, ಬಾಳೆಹಣ್ಣು ಬೇಡ, ತರಕಾರಿಯನ್ನು ಬೇಯಿಸಿ ನೀರು ಬಸಿದೇ ಕೊಡಬೇಕು. ಅವುಗಳಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದು ರಕ್ತದಲ್ಲಿ ಏರಿದರೆ ಹೃದಯ ನಿಂತುಹೋಗುತ್ತದೆ. ಪ್ರಭಾವತಿ ಅಂಗಳದ ಮರದಿಂದ ಎಳನೀರು ಇಳಿಸುವುದನ್ನೇ ನಿಲ್ಲಿಸಿದಳು. ಕಣ್ಣೆದುರು ಇದ್ದರಲ್ಲವೇ ಬಾಯಿ ಕೇಳುವುದು.

ಕಷ್ಟವಾದದ್ದು ಉಪ್ಪು. ಈ ಕಡೆಯ ಗಂಡಸಿಗೆ ಬೆಳಗಾದರೆ ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಉಪ್ಪು, ಬದಿಗೆ ಉಪ್ಪಿನಕಾಯಿ. ಉಪ್ಪಿಲ್ಲದ ಗಂಜಿ ಎಂದರೆ ಬಿಸಿನೀರಿಗೆ ಬಿದ್ದ ಅನ್ನ. ಹೋಟೆಲಿನಲ್ಲಿದ್ದಾಗ ಸಾಂಬಾರಿನ ಹಬೆ ಮೂಗಿಗೆ ಬಡಿದರೆ ಸಾಕು, ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ ಮನುಷ್ಯ ಈಗ ಬಟ್ಟಲಿನ ಮುಂದೆ ಕೂತು ಚಮಚ ತಿರುಗಿಸುತ್ತಿದ್ದ. "ಇದ್ ಊಟ ಅಲ್ಲ ಪ್ರಭಾ, ಡ್ಯೂಟಿ" ಎನ್ನುತ್ತಿದ್ದ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಲೋಕ ಕಳ್ಳರಿಗೆ ಹೇಳುತ್ತದೆ. ಇಲ್ಲಿ ಏನೂ ಕದಿಯದ ಮನುಷ್ಯನಿಗೆ ಉಪ್ಪೂ ಇರಲಿಲ್ಲ, ನೀರೂ ಇರಲಿಲ್ಲ. ಅವನು ಅರ್ಧ ಬಿಟ್ಟ ಗಂಜಿಯನ್ನು ತೆಂಗಿನ ಬುಡಕ್ಕೆ ಚೆಲ್ಲುವಾಗ ಪ್ರಭಾವತಿಗೆ ಹೊಟ್ಟೆ ಉರಿಯುತ್ತಿತ್ತು.

ಒಂದು ಶನಿವಾರ ಕುಂದಾಪುರದ ದೊಡ್ಡ ಮಾರ್ಟೊಂದರಲ್ಲಿ ಅವಳು ಆ ಉಪ್ಪನ್ನು ಕಂಡಳು. ಮೊದಲೂ ಕಂಡಿದ್ದಳು, ದುಬಾರಿ ಎಂದು ಮುಟ್ಟಿರಲಿಲ್ಲ. ಎದುರಿಗೆ ಕೆಂಪು ಹೃದಯದ ಚಿತ್ರ, 'ಸೋಡಿಯಂ ಕಡಿಮೆ' ಎಂಬ ಬರಹ. ಇವತ್ತು ಎರಡು ಪೊಟ್ಟಣಗಳನ್ನು ಒಂದರ ಹಿಂದೊಂದು ಜೋಡಿಸಿ ಕಟ್ಟಿದ್ದರು. ಒಂದು ಕೊಂಡರೆ ಒಂದು ಪುಕ್ಕಟೆ. ಹಾಗೆ ನೋಡಿದರೆ ಸಾದಾ ಉಪ್ಪಿನ ಬೆಲೆಗೇ ಬಂದು ಬೀಳುತ್ತದೆ. ಅವಳು ಮಗುಚಿದಳು. ತೂಕ ಪೂರ್ತಿ ಒಂದು ಕಿಲೋ, ಕಡಿತವಿಲ್ಲ. ತಾರೀಕು ದೂರ ಇದೆ. ಬೆಲೆ ಸರಿ. ಬೆಲೆಯ ಕೆಳಗೆ ಅಗಲವಾದ ಹಳದಿ ಸ್ಟಿಕ್ಕರ್, ಅದರ ಮೇಲೂ ಪುಕ್ಕಟೆಯ ಜಾಹೀರಾತೇ. ಉಗುರು ಅದರ ಅಂಚಿಗೆ ಹೋಯಿತು. ಹೋಗಿ, ನಿಂತಿತು. ಬೆಲೆ ಹೊರಗೇ ಕಾಣುತ್ತಿದೆ, ಪುಕ್ಕಟೆ ಕೊಡುವವನು ಅಡಿಯಲ್ಲಿ ಏನು ಮುಚ್ಚಿಟ್ಟಾನು? ಹಿಂದೆ ಜನ ನಿಂತಿದ್ದರು, ಆಸ್ಪತ್ರೆಯಲ್ಲಿ ಸೂಜಿ ತೆಗೆಯುವ ಹೊತ್ತಾಗಿತ್ತು. ಪುಕ್ಕಟೆ ಸಿಕ್ಕಿದರೆ ನನಗೊಂದು ನಮ್ಮಪ್ಪನಿಗೊಂದು ಎಂದು ಅವಳೇ ಎಷ್ಟು ಜನರನ್ನು ನೋಡಿ ನಕ್ಕಿದ್ದಳೋ. ಆ ದಿನ ಅವಳೂ ಜೋಡಿಯನ್ನು ಚೀಲಕ್ಕೆ ಹಾಕಿದಳು.

ಒಂದು ತನಗೆ. ಇನ್ನೊಂದನ್ನು ಬೆಂಚಿನಲ್ಲಿ ಕೂತಿದ್ದ ವಿನಯಾಳ ಮಡಿಲಿಗೆ ಇಟ್ಟಳು.

"ಎಷ್ಟಾಯ್ತ್ ಪ್ರಭಕ್ಕ?"

"ಪುಕ್ಕಟೆ ಬಂದದ್ದಕ್ಕೆ ನಿನ್ನತ್ರ ದುಡ್ಡ್ ತಕಂಬುದಾ? ಇಟ್ಕೋ. ಇದ್ರಂಗೆ ಉಪ್ಪಿನಂಶ ಕಮ್ಮಿ ಅಂಬ್ರ್. ಗೋಪಿಗೆ ಒಂಚೂರ್ ಜಾಸ್ತಿ ಹಾಕಿರೂ ಎಂತ ಆತಿಲ್ಲೆ."

"ಮನಿಯಂಗೆ ಹಳೇ ಪ್ಯಾಕೆಟ್ ಇತ್ತ್. ಅದ್ ಮುಗ್ದ್ ಮೇಲೆ ಒಡಿತೆ" ಎಂದಳು ವಿನಯಾ. ಹಳೆಯದು ಮುಗಿಯದೆ ಹೊಸದನ್ನು ಒಡೆಯಬಾರದು ಎನ್ನುವುದೂ ಪ್ರಭಕ್ಕ ಕಲಿಸಿದ ಪಾಠವೇ.

ಸಂಜೆ ತೃಷಾ ಫೋನು ಹಿಡಿದು ಕೂತಳು. ತಾಯಿ ಹೇಳಿದ ಹಾಗೆ ಮಾರ್ಟಿನ ಗುರುತು, ಉಪ್ಪಿನ ಹೆಸರು, ಆಫರು ಎಲ್ಲ ಬರೆದಳು. "ಬಿಪಿಯವ್ರಿಗೆ, ಕಿಡ್ನಿಯವ್ರಿಗೆ ಒಳ್ಳೇದ್ ಅಂದೇಳಿ ಹಾಕ್" ಎಂದಳು ಪ್ರಭಾವತಿ.

"ಕಿಡ್ನಿಯವ್ರಿಗೂ ಒಳ್ಳೇದಾ ಅಮ್ಮ?"

"ಉಪ್ಪ್ ಕಮ್ಮಿ ಮಾಡಿ ಅಂದದ್ದ್ ಡಾಕ್ಟ್ರೇ ಅಲ್ದಾ? ಹಾಕ್."

ತೃಷಾ ಹಾಕಿದಳು. ಹೆಬ್ಬೆರಳು ಎತ್ತಿದ ಚಿತ್ರಗಳು ಸಾಲಾಗಿ ಬಂದವು.

ಆ ರಾತ್ರಿಯೇ ಪ್ರಭಾವತಿ ಹೊಸ ಪೊಟ್ಟಣ ಒಡೆದಳು. ಭರಣಿಯಲ್ಲಿ ಹಳೆಯ ಉಪ್ಪು ಅರ್ಧ ಇತ್ತು. ತನ್ನ ಕಾನೂನನ್ನು ತಾನೇ ಮುರಿದದ್ದು ಜಿಪುಣತನದಿಂದಲ್ಲ, ಆಸೆಯಿಂದ. ಗಂಡ ಒಂದು ಬಟ್ಟಲು ಗಂಜಿಯನ್ನು ಪೂರ್ತಿ ಉಣ್ಣುವುದನ್ನು ಕಾಣಬೇಕು ಎಂಬ ಆಸೆ.

ಬೆಳಗ್ಗೆ ಕಂಡಳು. ತೃಷಾ ಎರಡು ಬೆರಳಿನಲ್ಲಿ ಉಪ್ಪು ತೆಗೆದು ಅಪ್ಪನ ಗಂಜಿಯ ಮೇಲೆ ಉದುರಿಸಿದಳು. ಶೇಖರ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಏಕ್‌ದಮ್ ಫಸ್ಟ್ ಕ್ಲಾಸ್" ಎಂದ. ಮುಂಬಯಿಯ ಮಾತು ಅವನ ಬಾಯಲ್ಲಿ ಬಾರದೆ ವರ್ಷಗಳೇ ಆಗಿದ್ದವು. ಅಂದಿನಿಂದ ಮನೆಯಲ್ಲಿ ಉಪ್ಪಿನ ಖಾತೆ ತೃಷಾಳದ್ದು. "ಇವತ್ತ್ ಒಂದ್ ಚಿಟ್ಕಿ ಬೋನಸ್ ಅಪ್ಪಯ್ಯಾ" ಎಂದು ಇನ್ನಷ್ಟು ಹಾಕುತ್ತಿದ್ದಳು. ತಾಯಿ ಗದರಲಿಲ್ಲ. ಬಂಗಡೆ ಸಾರಿಗೂ ಅದೇ ಉಪ್ಪು ಬಿತ್ತು. ಬಟ್ಟಲು ಖಾಲಿಯಾಗುತ್ತಿತ್ತು, ತೆಂಗಿನ ಬುಡಕ್ಕೆ ಗಂಜಿ ಹೋಗುವುದು ನಿಂತಿತು. ಆ ಮನೆಯಲ್ಲಿ ಬಹಳ ಕಾಲದ ಮೇಲೆ ಊಟದ ಹೊತ್ತಿಗೆ ನಗು ಇತ್ತು.

ಎರಡನೇ ಸೋಮವಾರ ಬೆಳಗ್ಗೆ ಶೇಖರ ಜಗಲಿಯಲ್ಲಿ ಕೂತವನು ಏಳಲಾಗದೆ, "ಪ್ರಭಾ, ಕಾಲ್ ಏಳುದಿಲ್ಲೆ ಕಾಣ್, ಕಬ್ಬಿಣ ಕಟ್ಟಿದಾಂಗ್ ಆತ್ತ್" ಎಂದ. ಶನಿವಾರದಿಂದ ಮಂಗಳವಾರದವರೆಗಿನ ಬಿಡುವು ಉದ್ದ, ಸೋಮವಾರ ಸುಸ್ತಾಗುವುದು ಇದ್ದದ್ದೇ. ಅವಳು ಕಾಲು ಒತ್ತಿದಳು. ಮಧ್ಯಾಹ್ನದ ಹೊತ್ತಿಗೆ ಅವನ ತುಟಿ ಬಿಳಿಚಿತು. ಆಟೋದಲ್ಲಿ ಮರವಂತೆ ದಾಟುವಾಗ ಅವನ ತಲೆ ಅವಳ ಹೆಗಲಿಗೆ ಒರಗಿತು. ಕುಂದಾಪುರ ಮುಟ್ಟಿದಾಗ ಡಾಕ್ಟರಿಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ.

ರಕ್ತದ ರಿಪೋರ್ಟು ನೋಡಿ ಡಾಕ್ಟರು ಕೇಳಿದರು, "ಪೊಟ್ಯಾಸಿಯಂ ತುಂಬಾ ಏರಿತ್ತು. ಎಳನೀರು ಏನಾದರೂ ಕೊಟ್ಟಿದ್ದಿರಾ? ಬಾಳೆಹಣ್ಣು?"

"ದೇವರಾಣಿ ಇಲ್ಲ" ಎಂದಳು ಪ್ರಭಾವತಿ. ಸತ್ಯವನ್ನೇ ಹೇಳಿದಳು. "ತರಕಾರಿ ನೀರ್ ಎರಡ್ ಸರ್ತಿ ಬಸ್ದೇ ಕೊಟ್ಟದ್ದ್ ನಾನ್."

ಉತ್ತರಕ್ರಿಯೆಗೆ ಬಂದವರೆಲ್ಲ ಅದನ್ನೇ ಹೇಳಿದರು. ನಿನ್ನಷ್ಟು ಜಾಗ್ರತೆ ಮಾಡಿದವರು ಯಾರಿದ್ದಾರೆ, ಇಷ್ಟು ವರ್ಷ ಅವನು ಉಳಿದದ್ದೇ ನಿನ್ನಿಂದ ಎಂದರು. ವಿನಯಾ ಅವಳ ಕೈ ಹಿಡಿದು, "ಆಯಸ್ಸ್ ಅಷ್ಟೇ ಇದ್ದಿತ್ತ್ ಪ್ರಭಕ್ಕ, ನಿಮ್ಮಿಂದ ಕಮ್ಮಿ ಆದದ್ದಿಲ್ಲೆ" ಎಂದು ಅತ್ತಳು. ಗಂಡ ಹೋದ ಮನೆಯಲ್ಲಿ ಪ್ರಭಾವತಿ ಊರಿ ನಿಂತದ್ದು ಆ ಒಂದು ಮಾತಿನ ಮೇಲೆ.

ಕ್ರಿಯೆ ಮುಗಿದು ನೆಂಟರೆಲ್ಲ ಹೋದ ಮೇಲಿನ ಸೋಮವಾರ. ಮೊದಲಾದರೆ ಸೋಮವಾರವೆಂದರೆ ನಾಳೆಗೆ ಚೀಲ ತುಂಬುವ ದಿನ. ಹೊದಿಕೆ, ಫೈಲು, ಫ್ಲಾಸ್ಕು. ಈಗ ಆ ಚೀಲ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ತೃಷಾ ಕಾಲೇಜಿಗೆ ಹೋಗಿದ್ದಳು. ಕೂತಲ್ಲಿ ಕೂರಲಾಗದೆ ಪ್ರಭಾವತಿ ಅಡುಗೆಮನೆಯ ಹಲಗೆ ಒರೆಸಲು ನಿಂತಳು. ನೆಂಟರು ಎಲ್ಲೆಲ್ಲೋ ತುರುಕಿ ಹೋದ ಡಬ್ಬಿಗಳ ಹಿಂದೆ ಅರ್ಧ ಖಾಲಿಯಾದ ಉಪ್ಪಿನ ಪೊಟ್ಟಣ ಸಿಕ್ಕಿತು. ಕೈ ಅದನ್ನು ಮಗುಚಿತು. ಕೈಗೆ ಅದೇ ಅಭ್ಯಾಸ. ಹಳದಿ ಸ್ಟಿಕ್ಕರಿನ ಒಂದು ಮೂಲೆ ತೇವಕ್ಕೆ ಎದ್ದಿತ್ತು. ಉಗುರು ಹೋಯಿತು. ಈ ಸಲ ಹಿಂದೆ ಜನ ನಿಂತಿರಲಿಲ್ಲ, ಯಾರ ಸೂಜಿಯೂ ತೆಗೆಯಲಿಕ್ಕಿರಲಿಲ್ಲ. ಸ್ಟಿಕ್ಕರ್ ಪೂರ್ತಿ ಕಿತ್ತು ಬಂತು.

ಅಡಿಯಲ್ಲಿ ಬೆಲೆ ಇರಲಿಲ್ಲ. ಇಂಗ್ಲಿಷಿನ ಎರಡು ಸಾಲು ಇತ್ತು. ಮುಂಬಯಿಯ ಬೋರ್ಡುಗಳಲ್ಲಿ ಕಲಿತ ಇಂಗ್ಲಿಷು ಅವಳದು. ಬೆರಳಿಟ್ಟು ಅಕ್ಷರ ಕೂಡಿಸಿ ಓದಿದಳು. ಪೊಟ್ಯಾಸಿಯಂ ಎಂಬ ಪದ ಮೊದಲು ಗುರುತಿಗೆ ಸಿಕ್ಕಿತು. ಆಸ್ಪತ್ರೆಯ ಗೋಡೆಯಲ್ಲಿ, ರಿಪೋರ್ಟುಗಳಲ್ಲಿ ಅದನ್ನು ಎಷ್ಟು ಸಲ ನೋಡಿದ್ದಳು. ಆಮೇಲೆ ಕಿಡ್ನಿ ಎಂಬ ಪದ. ಸೋಡಿಯಂ ತೆಗೆದ ಜಾಗಕ್ಕೆ ಅವರು ಪೊಟ್ಯಾಸಿಯಂ ತುಂಬಿದ್ದರು. ಕಿಡ್ನಿ ಕಾಯಿಲೆಯವರು ಡಾಕ್ಟರನ್ನು ಕೇಳದೆ ತಿನ್ನಬಾರದು ಎಂದು ಬರೆದೂ ಇದ್ದರು.

ಅವಳು ನೆಲದ ಮೇಲೆ ಕೂತಳು. ಎಳನೀರು ಇಳಿಸಲು ಬಿಡದವಳು, ತರಕಾರಿಯ ನೀರು ಎರಡು ಸಲ ಬಸಿದವಳು, ಅದೇ ವಿಷವನ್ನು ಅಗ್ಗಕ್ಕೆ ಸಿಕ್ಕಿತೆಂದು ತಂದು ದಿನಾ ಗಂಜಿಯ ಮೇಲೆ ಹಾಕಿಸಿದ್ದಳು. ನಾನೇ ಕೊಂದೆ ಎಂಬ ಮಾತು ತಲೆಯೊಳಗೆ ಎದ್ದು ಕೂತಿತು.

ಆಮೇಲೆ ವಿನಯಾಳ ನೆನಪಾಯಿತು. ಹಳೆಯದು ಮುಗಿದ ಮೇಲೆ ಒಡೆಯುತ್ತೇನೆ ಎಂದಿದ್ದಳು. ಮುಗಿದಿರಬಹುದು. ಇವತ್ತು ಸೋಮವಾರ.

ಫೋನು ಮಾಡಿದಳು. ವಿನಯಾಳದ್ದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮೀನಿನ ಶೆಡ್ಡಿನಲ್ಲಿ ಕೆಲಸದ ಹೊತ್ತಿಗೆ ಫೋನು ಚೀಲದಲ್ಲೇ. ಗೋಪಿಯದ್ದು ಸ್ವಿಚ್ ಆಫ್. ಪ್ರಭಾವತಿ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೆದ್ದಾರಿಗೆ ಓಡಿದಳು. ಹೆಂಗಸರಿಗೆ ಪುಕ್ಕಟೆಯ ಸರ್ಕಾರಿ ಬಸ್ಸಿಗೆ ಎಷ್ಟು ಹೊತ್ತಾದರೂ ಕಾಯುವವಳು ಮೊದಲು ಬಂದ ಖಾಸಗಿ ಬಸ್ಸಿಗೆ ಕೈ ಅಡ್ಡ ಹಿಡಿದಳು. ಚಿಲ್ಲರೆ ಕೇಳಲಿಲ್ಲ. ಕುಂದಾಪುರದಲ್ಲಿ ಇಳಿದು, ಬಾಡಿಗೆ ಎಷ್ಟೆಂದು ಕೇಳದೆ ಆಟೋ ಹತ್ತಿದಳು. ಹುಟ್ಟಿದ ಮೇಲೆ ಮೊದಲ ಸಲ ಇರಬೇಕು.

ಕೋಡಿಯ ಮನೆಯಲ್ಲಿ ಗೋಪಿ ಜಗಲಿಯ ಚಾಪೆಯಲ್ಲಿ ಮಲಗಿದ್ದ. ಅವಳನ್ನು ಕಂಡು ಏಳಲು ನೋಡಿದ. ಆಗಲಿಲ್ಲ.

"ಎಂತದೋ ಪ್ರಭಕ್ಕ, ಕಾಲೇ ಏಳುದಿಲ್ಲೆ ಇವತ್ತ್" ಎಂದ.

ಅದೇ ಮಾತು. ಅವಳು ಒಳಗೆ ನುಗ್ಗಿದಳು. ಒಲೆಯ ಪಕ್ಕದಲ್ಲಿ ಪೊಟ್ಟಣ ಇತ್ತು, ಬಾಯಿ ಕತ್ತರಿಸಿ ಬಟ್ಟೆ ಕ್ಲಿಪ್ಪು ಹಾಕಿದ್ದರು. ಕಾಲು ಭಾಗ ಖಾಲಿ. ಅದರ ಹಿಂದೆ ಸ್ಟಿಕ್ಕರೂ ಇರಲಿಲ್ಲ, ಎರಡು ಸಾಲು ಬೆಳಕಿಗೇ ಇದ್ದವು. ಆಟೋದವನು ಮತ್ತು ನೆರೆಮನೆಯವರು ಸೇರಿ ಗೋಪಿಯನ್ನು ಎತ್ತಿ ಕೂರಿಸಿದರು. ಯಾರೋ ಶೆಡ್ಡಿಗೆ ಓಡಿ ವಿನಯಾಳನ್ನು ಕರೆತಂದರು. ಕೈ ತೊಳೆಯಲೂ ಹೊತ್ತಿಲ್ಲದೆ ಅವಳು ಗಂಡನ ಪಕ್ಕಕ್ಕೆ ಹತ್ತಿದಳು. "ಎಂತ ಆಯ್ತ್ ಪ್ರಭಕ್ಕ?" ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದಳು. "ಡಾಕ್ಟ್ರ್ ಎದುರಿಗ್ ಹೇಳ್ತೆ" ಎಂದಷ್ಟೇ ಪ್ರಭಾವತಿ ಹೇಳಿದಳು.

ಡಾಕ್ಟರ ಮೇಜಿನ ಮೇಲೆ ಅವಳು ಎರಡೂ ಪೊಟ್ಟಣಗಳನ್ನು ಇಟ್ಟಳು. ಅವರು ಒಂದನ್ನು ಮಗುಚಿ ಓದಿದರು.

"ಇದನ್ನು ಯಾರು ಕೊಟ್ಟದ್ದು?"

"ನಾನ್ ಕೊಟ್ಟದ್ದ್."

ಸೋಮವಾರದ ಸರದಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಕೇಳಿಸಿಕೊಂಡರು. ಡಾಕ್ಟರು ಹೆಚ್ಚು ಮಾತಾಡದೆ ಗೋಪಿಗೆ ಇಂಜೆಕ್ಷನ್ ಕೊಡಿಸಿ ನಾಳೆಯ ಡಯಾಲಿಸಿಸನ್ನು ಇವತ್ತೇ ಹಾಕಿಸಿದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, "ಇವತ್ತೇ ತಂದದ್ದು ಒಳ್ಳೆಯದಾಯಿತು. ನಾಳೆಯವರೆಗೆ ಕಾದಿದ್ದರೆ ಹೇಳಲಿಕ್ಕಾಗುತ್ತಿರಲಿಲ್ಲ" ಎಂದರು.

ಬೆಂಚಿನಲ್ಲಿ ಇಬ್ಬರೇ ಕೂತಿದ್ದರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ವಿನಯಾ ಕೂತಿದ್ದಳು. ಅವಳ ಬೆರಳ ಸಂದಿಯಲ್ಲಿ ಮೀನಿನ ಹುರುಪೆ ಒಣಗಿ ಅಂಟಿತ್ತು.

"ಹಿಂದಿನ ಮುಖ ಓದೂಕೆ ಕಲ್ಸಿದ್ದ್ ನೀವೇ" ಎಂದಳು. "ನೀವ್ ಕೊಟ್ಟದ್ದಲ್ದಾ ಅಂದೇಳಿ ನಾನ್ ಓದ್ಲಿಲ್ಲೆ."

ಪ್ರಭಾವತಿ ಉಗುರಿನಡಿ ಸಿಕ್ಕಿದ್ದ ಹಳದಿ ಕಾಗದದ ಚೂರನ್ನು ಕೀಳುತ್ತಿದ್ದಳು.

"ಶೇಖರಣ್ಣಂಗೂ ಇದೇ ಉಪ್ಪಾ?"

"ಹೌದ್."

ವಿನಯಾಳ ಕೈ ಒಮ್ಮೆ ಇತ್ತ ಚಾಚಿತು, ಅರ್ಧಕ್ಕೆ ನಿಂತು ಮಡಿಲಿಗೆ ಮರಳಿತು. ಅವಳು, "ಗ್ರೂಪಿಗೂ ಹಾಕಿದ್ರಿ ಅಲ್ದಾ ನೀವ್. ಎಷ್ಟ್ ಜನ ತಕಂಡಿರೋ" ಎಂದು ಫೋನು ತೆಗೆದಳು.

"ನೀನ್ ಹಾಕ್ಬೇಡ ವಿನಯಾ. ಆ ಗ್ರೂಪಂಗೆ ತೃಷಾ ಇತ್ತ್. ಅಪ್ಪಯ್ಯನ ಗಂಜಿಗೆ ದಿನಾ ಉಪ್ಪ್ ಹಾಕಿದ್ದ್ ಅದೇ. ಫೋನಂಗೆ ಓದಿ ತಿಳಿಯೂದ್ ಬ್ಯಾಡ. ಮನಿಗ್ ಹೋಯಿ ನಾನೇ ಹೇಳಿ ಹಾಕಿಸ್ತೆ."

ವಿನಯಾ ಅವಳನ್ನು ನೋಡಿದಳು. ಆ ನೋಟದಲ್ಲಿ ಕನಿಕರ ಇತ್ತು, ಸಿಟ್ಟೂ ಇತ್ತು. "ಇಲ್ಲಿದ್ದವ್ರಿಗೆ, ನಂಗ್ ಗುರ್ತ ಇದ್ದವ್ರಿಗೆ ಈಗ್ಲೇ ಫೋನ್ ಮಾಡ್ತೆ. ಗ್ರೂಪಿಗೆ ಒಂದ್ ಗಂಟೆ ಕಾಯ್ತೆ. ಅಷ್ಟೇ. ಅಲ್ಲಿ ಬೇರೆಯವ್ರ ಗಂಡಂದಿರೂ ಇದ್ರ್."

ಬಸ್ಸಿನಲ್ಲಿ ಪ್ರಭಾವತಿ ಮಗಳಿಗಾಗಿ ಒಂದು ಸುಳ್ಳು ಕಟ್ಟಲು ನೋಡಿದಳು. ಆ ಉಪ್ಪಿನಲ್ಲಿ ಹುಳ ಇದೆ, ಎಸೆಯಿರಿ ಎಂದು ಬರೆಸಿದರೆ? ಯಾರೂ ಎಸೆಯುವುದಿಲ್ಲ. ಉಪ್ಪಿಗೆಲ್ಲಿಯ ಹುಳ ಎಂದು ನಕ್ಕು, ತಿಂದು ಮುಗಿಸುತ್ತಾರೆ. ಅಗ್ಗಕ್ಕೆ ಕೊಂಡದ್ದನ್ನು ಎಸೆಯಬಾರದೆಂದು ಕಲಿಸಿದವಳು ಅವಳೇ. ನಿಜ ಹೇಳದೆ ಯಾರೂ ಕೇಳುವುದಿಲ್ಲ. ನಿಜ ಹೇಳಿದರೆ ಈ ಮಗು ಬದುಕಿದಷ್ಟು ಕಾಲ ತನ್ನ ಬೆರಳು ನೋಡಿಕೊಳ್ಳುತ್ತದೆ. ತ್ರಾಸಿ, ಮರವಂತೆ ಕಳೆದವು. ಎರಡಕ್ಕೂ ಆಗುವ ಮಾತೊಂದು ಸಿಗಲಿಲ್ಲ.

ತೃಷಾ ಆಗಷ್ಟೇ ಬಂದು ಚೀಲ ಇಳಿಸಿದ್ದಳು. "ಎಲ್ಲಿಗ್ ಹೋಯಿದ್ದಿ ಅಮ್ಮ?" ಎಂದಳು.

"ಫೋನ್ ತೆಗಿ. ಗ್ರೂಪಿಗ್ ಒಂದ್ ಮೆಸೇಜ್ ಹಾಕೂಕಿತ್ತ್."

ಹುಡುಗಿಯ ಮುಖ ಅರಳಿತು. ಅಪ್ಪ ಹೋದ ಮೇಲೆ ಗುಂಪು ಮೌನವಾಗಿತ್ತು. ತಾಯಿ ಪೇಟೆಗೆ ಹೋಗಿ ಬಂದಳು, ಮತ್ತೆ ರೇಟು ಹೇಳುತ್ತಾಳೆ, ಅಂದರೆ ತಾಯಿ ಎದ್ದು ನಿಂತಳು ಎಂದು ಅವಳು ತಿಳಿದಳು. ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎರಡು ಹೆಬ್ಬೆರಳನ್ನು ಸಿದ್ಧ ಮಾಡಿಕೊಂಡಳು. "ಹೇಳ್, ಎಂತ ಅಗ್ಗ ಇತ್ತ್?"

ಪ್ರಭಾವತಿ ಅವಳ ಎದುರಿಗೆ ಕೂತಳು. ಮೊದಲು ಮಗಳಿಗೆ ಹೇಳಬೇಕು ಎಂದುಕೊಂಡು ಬಂದಿದ್ದಳು. ಆ ಮುಖ ನೋಡಿ ನಾಲಗೆ ಏಳಲಿಲ್ಲ. ಬರೆಸುವ ಮಾತೇ ಹೊರಗೆ ಬಂತು.

"ಮೊನ್ನೆ ನಾನು ಹೇಳಿದ ಉಪ್ಪನ್ನು ಕಿಡ್ನಿಯವರಿಗೆ ಕೊಡಬೇಡಿ. ಅದರಲ್ಲಿ ಪೊಟ್ಯಾಸಿಯಂ ಉಂಟು."

ಹೆಬ್ಬೆರಳುಗಳು ಓಡಿದವು. ಆ ಪದದ ನಡುವೆ ನಿಂತವು. ತೃಷಾ ತನ್ನ ಬಲಗೈಯನ್ನು ನೋಡಿಕೊಂಡಳು.

"ಅಮ್ಮ, ಗಂಜಿಗ್ ಹಾಕಿದ್ದ್ ನಾನ್."

"ತಂದದ್ದ್ ನಾನ್. ಹಾಕೂಕೆ ಬಿಟ್ಟದ್ದ್ ನಾನ್. ಸಾರಿಗ್ ಹಾಕಿದ್ದೂ ನಾನೇ."

"ಬೋನಸ್ ಅಂದೇಳಿ ಜಾಸ್ತಿ ಹಾಕ್ತಿದ್ದೆ."

ಪ್ರಭಾವತಿ ಮಗಳನ್ನು ಎಳೆದು ಅಪ್ಪಿಕೊಂಡಳು. ಹುಡುಗಿ ಮರದ ಹಾಗೆ ಇದ್ದಳು, ಅಳಲೂ ಇಲ್ಲ. ಅಂಗಳದ ಬಿಸಿಲು ತೆಂಗಿನ ಬುಡಕ್ಕೆ ಸರಿಯಿತು. ವಿನಯಾ ಕೊಟ್ಟ ಗಂಟೆ ಮುಗಿಯುತ್ತ ಬಂದಿತ್ತು. ಯಾವುದೋ ಊರಿನ ಯಾವುದೋ ಅಡುಗೆಮನೆಯಲ್ಲಿ ರಾತ್ರಿಯ ಸಾರಿಗೆ ಯಾರೋ ಉಪ್ಪು ತೆಗೆಯುತ್ತಿರಬಹುದು.

"ಮಗಾ, ಬರಿ" ಎಂದಳು. "ಇದನ್ನು ಪುಕ್ಕಟೆ ಅಂತ ತಂದು ನನ್ನ ಗಂಡನಿಗೆ ಕೊಟ್ಟದ್ದು ನಾನು. ಅವರು ಅದರಿಂದಲೇ ಹೋದರು."

"ಇದ್ನೂ ಬರೂಕಾ?"

"ಬರಿ. ಇಲ್ದಿರೆ ಯಾರೂ ನಂಬುದಿಲ್ಲೆ."

ತೃಷಾ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಎಡಗೈಯ ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು. ಮುಗಿಸಿ ತಾಯಿಗೆ ತೋರಿಸಿದಳು. ಪ್ರಭಾವತಿ ಮೊದಲಿನಿಂದ ಕೊನೆಯವರೆಗೆ, ಒಂದು ಪದವನ್ನೂ ಬಿಡದೆ ಓದಿದಳು.

"ಕಳ್ಸ್" ಎಂದಳು.

ಈ ಸಲ ಹೆಬ್ಬೆರಳಿನ ಚಿತ್ರಗಳು ಬರಲಿಲ್ಲ. ಆಮೇಲೆ ಫೋನು ಸದ್ದು ಮಾಡಿತು. ಗುರುತಿಲ್ಲದ ನಂಬರು, ಬ್ರಹ್ಮಾವರದ ಕಡೆಯವರು. ತೃಷಾ ಗಟ್ಟಿಯಾಗಿ ಓದಿದಳು.

"ಅಕ್ಕ, ನಾವು ಒಂದು ಪ್ಯಾಕೆಟ್ ಪೂರ್ತಿ ಮುಗಿಸಿದ್ದೇವೆ. ನಮ್ಮ ಅಪ್ಪ ಬೆಳಗ್ಗಿಂದ ಮಲಗಿಯೇ ಇದ್ದಾರೆ. ಏನು ಮಾಡಬೇಕು?"

"ಈಗ್ಲೇ ಆಸ್ಪತ್ರಿಗ್ ಕರ್ಕಂಡ್ ಹೋಪುಕೆ ಹೇಳ್" ಎಂದಳು ಪ್ರಭಾವತಿ. "ಪೊಟ್ಟಣ ಹಿಡ್ಕಂಡ್ ಹೋಪುಕೆ ಹೇಳ್."

ತೃಷಾ ಎಡಗೈಯಲ್ಲೇ ಬರೆದಳು.